ಹಿಂದಕ್ಕೆ ಹೊರಟ ವಿಮಾನ

ಮೊದಮೊದಲ ವಿಮಾನಗಳು ಮರದವು. ಮರ, ಬಟ್ಟೆ, ತಂತಿ, ಅಂಟು. ಅವನ್ನು ಕಟ್ಟಿದವರಲ್ಲಿ ಬಡಗಿಗಳಿದ್ದರು, ಹೊಲಿಗೆಯವರಿದ್ದರು, ಸೈಕಲ್ ರಿಪೇರಿಯವರಿದ್ದರು. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿಲ್ಲದಿದ್ದರೆ ತಪ್ಪು ಪೂರ್ತಿ ನಿಮ್ಮದಲ್ಲ. ನೀವು ಓದಿದ ಪುಸ್ತಕದಲ್ಲಿ ಹಾರಿದವನ ಹೆಸರಿತ್ತು, ಹಾರಿಸಲು ಹಣ ಹಾಕಿದವನ ಹೆಸರಿತ್ತು, ಉಳಿ ಹಿಡಿದು ಕೂತವನ ಹೆಸರು ಇರಲಿಲ್ಲ.

ಗೆರೆಯಕ್ಕನಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಅದೂ ಒಂದು ವಿಮಾನ ಹಿಂದಕ್ಕೆ ಹೊರಟುಬಿಟ್ಟಿದ್ದರಿಂದ.

ಗೆರೆಯಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಆಕೆ ಕಂಪ್ಯೂಟರಿನಲ್ಲಿ ಚಿತ್ರ ಮಾಡುವ ಸ್ಟುಡಿಯೋದವರು ಅಂಟಿಸಿದ್ದು. ಯಾರದೇ ಪರದೆಯ ಮುಂದೆ ಬಂದು ನಿಂತರೂ ಆಕೆ ಎರಡು ನಿಮಿಷ ಸುಮ್ಮನೆ ನೋಡುತ್ತಾಳೆ. ಆಮೇಲೆ ಒಂದು ಕಡೆ ಬೆರಳಿಟ್ಟು, ಈ ಗೆರೆ ಸುಳ್ಳು ಹೇಳ್ತಿದೆ ನೋಡು ಎನ್ನುತ್ತಾಳೆ. ಹೊಸಬರು ಒಳಗೊಳಗೇ ಸಿಡುಕುತ್ತಾರೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಮೊಣಕಾಲಿನ ಮೂಳೆಯೋ, ಮೆಟ್ಟಿಲಿನ ಅಂಚೋ, ಆಕೆ ತೋರಿಸಿದ ಕಡೆಯೇ ಎರಡು ಕೂದಲೆಳೆಯಷ್ಟು ಆಚೆ ಹೋಗಿರುತ್ತದೆ. ಬೆಣ್ಣೆಯಲ್ಲಿ ಸಿಕ್ಕ ಕೂದಲು ತೆಗೆದ ಹಾಗೆ ತೆಗೆದುಕೊಡುತ್ತಾಳೆ, ಜಂಬ ಕೊಚ್ಚುವುದಿಲ್ಲ.

ಈ ಕಣ್ಣು ಬಂದದ್ದು ಅಪ್ಪನಿಂದ. ಅಪ್ಪ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವರು. ಸೀಮೆಸುಣ್ಣ ಹಚ್ಚಿದ ದಾರವನ್ನು ಬೋರ್ಡಿನ ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಮಗಳು ಬಿಗಿಯಾಗಿ ಹಿಡಿಯಬೇಕು, ನಡುವೆ ಎತ್ತಿ ಬಿಟ್ಟರೆ ಪಟ್ಟೆಂದು ನೇರ ಗೆರೆ ಬೀಳಬೇಕು. ಮಗಳ ಕೈ ಅಲುಗಿದರೆ ಗೆರೆ ಎರಡಾಗುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ, ಒರೆಸಿ ಮತ್ತೆ ಹಿಡಿ ಎನ್ನುತ್ತಿದ್ದರು. ಹಾಗೆ ಒರೆಸಿ ಒರೆಸಿಯೇ ಆಕೆಯ ಬಾಲ್ಯ ಕಳೆಯಿತು. ಯಂತ್ರದಲ್ಲಿ ಅಚ್ಚಾದ ಬೋರ್ಡುಗಳು ಬಂದ ಮೇಲೆ ಅಪ್ಪನ ಕುಂಚಗಳು ಡಬ್ಬಿಯಲ್ಲಿ ಒಣಗಿದವು. ಮಗಳು, ಅಪ್ಪನ ಅನ್ನ ಕಸಿದುಕೊಂಡ ಆ ಅಚ್ಚಿನ ಅಂಗಡಿಗೇ ಹೋಗಿ ಕೆಲಸ ಕೇಳಿದಳು. ಅಲ್ಲಿದ್ದ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಮುಖಪುಟ ಹರಿದ ಕೈಪಿಡಿಯೊಂದನ್ನು ಓದಿ, ಯಾರೂ ಹೇಳಿಕೊಡದೆ ಕಲಿತಳು. ಅಪ್ಪ ಒಂದು ವಾರ ಮಾತು ಬಿಟ್ಟರು. ಎಂಟನೆಯ ದಿನ ಬಂದು ಪರದೆ ನೋಡಿ, ಅಕ್ಷರಗಳ ನಡುವಿನ ಜಾಗ ಸರಿಯಿಲ್ಲ ಎಂದರು. ಅಲ್ಲಿಗೆ ರಾಜಿಯಾಯಿತು.

ಈಗಿನ ಸ್ಟುಡಿಯೋ ಇರುವುದು ಕನ್ನಡಕದ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇದೆ, ಆದರೆ ಅದಕ್ಕೆ ಮನಸ್ಸು ಬಂದರೆ ಮಾತ್ರ ಮೇಲೆ ಬರುತ್ತದೆ. ಎಂಟು ಮೇಜು, ಎಂಟು ಪರದೆ, ಕಿಟಕಿಗೆ ದಪ್ಪ ಪರದೆಬಟ್ಟೆ, ಮೂಲೆಯಲ್ಲಿ ಸದಾ ಗೊಣಗುವ ದೊಡ್ಡ ಯಂತ್ರ. ಇದನ್ನು ನಡೆಸುವವರು ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು, ಈಗಲೂ ಎಲ್ಲರಿಗೂ ಮೇಷ್ಟ್ರು. ಆಸ್ಪತ್ರೆಗೆ ಹೃದಯದ ಕವಾಟ ತೆರೆದು ಮುಚ್ಚುವ ಚಿತ್ರ, ಕಟ್ಟಡದವರಿಗೆ ಇನ್ನೂ ಕಟ್ಟದ ಮನೆಯ ಒಳಗೆ ಓಡಾಡುವ ಚಿತ್ರ, ಇಂಥವೇ ಇವರ ಕೆಲಸ. ಗೆರೆಯಕ್ಕ ಈ ಕಸುಬಿಗೆ ಬಂದು ಇಪ್ಪತ್ತಾರು ವರ್ಷ. ಅಷ್ಟರಲ್ಲಿ ಆಕೆಯ ಹೆಸರು ಎಲ್ಲಿಯೂ ಒಂದು ಸಲವೂ ಬಂದಿಲ್ಲ. ಕಸುಬಿನ ರೀತಿಯೇ ಹಾಗೆ: ಸ್ಟುಡಿಯೋದ ಹೆಸರು ಹಾಕುತ್ತಾರೆ, ಕೈಗಳ ಹೆಸರು ಹಾಕುವುದಿಲ್ಲ. ಆಕೆ ಅದನ್ನು ದೊಡ್ಡದು ಮಾಡಿದವಳಲ್ಲ. ಆದರೆ ಊರಿನ ಮ್ಯೂಸಿಯಮ್ಮಿನ ಕೆಲಸ ಬಂದ ದಿನ ಮೇಷ್ಟ್ರು, ಈ ಸಲ ಗೋಡೆಯ ಮೇಲೆ ನಿಮ್ಮ ಹೆಸರು ಬರುತ್ತೆ, ಮಾತಾಡಿಕೊಂಡು ಬಂದಿದ್ದೀನಿ ಎಂದಾಗ, ಆಕೆ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು, ಯಾವ ಗೋಡೆ ಎಂದು ಕೇಳಿದಳು.

ಕೆಲಸ ಇಷ್ಟು. ನೂರು ವರ್ಷಕ್ಕೂ ಹಿಂದೆ ಆ ಊರಿನ ಹೊರಗಿನ ಬಯಲಲ್ಲಿ ಒಂದು ವಿಮಾನ ಹಾರಿತ್ತು. ಆ ಸೀಮೆಗೆ ಅದೇ ಮೊದಲು. ಊರಿನ ದೊಡ್ಡ ಶ್ರೀಮಂತ, ಎಲ್ಲರೂ ಧಣಿ ಎನ್ನುತ್ತಿದ್ದವನು, ಒಬ್ಬ ಬಡಗಿಯನ್ನು ಇಟ್ಟುಕೊಂಡು ಅದನ್ನು ಕಟ್ಟಿಸಿದ್ದ. ಹನ್ನೊಂದು ಸೆಕೆಂಡು ಅದು ನೆಲ ಬಿಟ್ಟಿತ್ತು. ಶಾಲೆಯ ಪಾಠದಲ್ಲಿ ಧಣಿ ಸ್ವತಃ ಹಾರಿಸಿದ ಎಂದಿದೆ. ಎರಡೇ ವರ್ಷದಲ್ಲಿ ಧಣಿ ತೀರಿಕೊಂಡ, ಮಕ್ಕಳಿರಲಿಲ್ಲ, ಆಸ್ತಿ ಒಂದು ದತ್ತಿ ಮಂಡಳಿಗೆ ಹೋಯಿತು, ಆ ಮಂಡಳಿಯ ನೆರವಿನಿಂದಲೇ ಮ್ಯೂಸಿಯಂ ನಡೆಯುತ್ತದೆ. ಹೊಸ ಕೋಣೆಯೊಂದರಲ್ಲಿ ಆ ಹನ್ನೊಂದು ಸೆಕೆಂಡುಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಹಾರಿಸಿ ತೋರಿಸಬೇಕು ಎಂಬುದು ಮ್ಯೂಸಿಯಂ ಮುಖ್ಯಸ್ಥೆಯ ಆಸೆ. ಆಕೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ.

ಗೆರೆಯಕ್ಕನ ಕೈಗೆ ಬಂದ ಸಾಮಗ್ರಿ ಬೊಗಸೆಯಷ್ಟೂ ಇರಲಿಲ್ಲ. ಎರಡು ಫೋಟೋ, ಒಂದು ಪತ್ರಿಕೆಯ ತುಣುಕು. ತುಣುಕಿನಲ್ಲಿ ಯಂತ್ರ ಎಷ್ಟು ಸೆಕೆಂಡು, ಎಷ್ಟು ದೂರ ಹೋಯಿತು ಎಂದಿತ್ತು, ಧಣಿಗೆ ಅಭಿನಂದನೆ ಇತ್ತು, ಯಾರು ಕೂತಿದ್ದರು ಎಂದಿರಲಿಲ್ಲ. ಮೊದಲ ಫೋಟೋದಲ್ಲಿ ವಿಮಾನದ ಎದುರು ಇಬ್ಬರು ನಿಂತಿದ್ದರು. ಎಡಕ್ಕೆ ಗಿಡ್ಡನೆಯ, ಪೊದೆಹುಬ್ಬಿನ ಮನುಷ್ಯ, ಬಲಕ್ಕೆ ಎತ್ತರದವನು. ಕೆಳಗೆ, ಎಡದಲ್ಲಿ ಧಣಿ, ಬಲದಲ್ಲಿ ಬಡಗಿ ಎಂದು ಬರೆದಿತ್ತು. ಎರಡನೆಯದರಲ್ಲಿ ಆ ಪೊದೆಹುಬ್ಬಿನವನೇ ವಿಮಾನದಲ್ಲಿ ಕೂತಿದ್ದ. ಹಾರುವ ಮುನ್ನ ತೆಗೆದದ್ದು. ಪಾಠದ ಪುಸ್ತಕದವರು ಎರಡನ್ನೂ ಕೂಡಿಸಿ ನೋಡಿದ್ದರು: ಪೊದೆಹುಬ್ಬಿನವನು ಧಣಿ, ಕೂತವನು ಪೊದೆಹುಬ್ಬಿನವನು, ಹಾಗಾದರೆ ಹಾರಿದವನು ಧಣಿ. ಮ್ಯೂಸಿಯಂ ಬಾಗಿಲಲ್ಲಿರುವ ಕಂಚಿನ ಮೂರ್ತಿಗೂ ಅದೇ ಹುಬ್ಬು.

ಮೊದಲ ವಾರ ಆಕೆ ಫೋಟೋಗಳನ್ನು ತೊಳೆದಳು. ತೊಳೆಯುವುದು ಎಂದರೆ ನೀರು ಹಾಕಿ ಅಲ್ಲ. ಹಳೆಯ ಫೋಟೋದ ಮೇಲಿನ ಗೀರು, ಕಲೆ, ಧೂಳಿನ ಚುಕ್ಕೆಗಳನ್ನು ಪರದೆಯ ಮೇಲೆ ಒಂದೊಂದಾಗಿ ಅಳಿಸುವುದು. ಎರಡೂ ಸೇರಿ ನಲವತ್ತಮೂರು ಗೀರು ಸಿಕ್ಕವು. ಆಮೇಲೆ ವಿಮಾನ ಕಟ್ಟಲು ಕೂತಳು. ಮೂರು ತಿಂಗಳು. ಯಾವ ಬಡಗಿಯೂ ಅಷ್ಟು ತಾಳ್ಮೆಯಿಂದ ಕಟ್ಟಿರಲಾರ ಎಂದು ಬರೆಯಲು ಹೊರಟೆ, ಬರೆಯುವುದಿಲ್ಲ. ಏಕೆಂದರೆ ನಿಜವಾದ ಬಡಗಿ ಕಟ್ಟಿದ್ದ, ಅವನಿಗೆ ಅಳಿಸಿ ಮತ್ತೆ ಮಾಡುವ ಸೌಲಭ್ಯ ಇರಲಿಲ್ಲ. ರೆಕ್ಕೆಯ ಒಳಗಿನ ಒಂದೊಂದು ಪಕ್ಕೆಲುಬು, ಬಟ್ಟೆ ಎಳೆದು ಕಟ್ಟಿದ ಕಡೆ ಬಿದ್ದ ಸುಕ್ಕು, ತಂತಿಯ ಗಂಟು, ಮುಂಭಾಗದಲ್ಲಿ ಫ್ಯಾನಿನಂತೆ ತಿರುಗುವ ಮರದ ಪಂಕದ ಅಲಗುಗಳ ಓರೆ ತಿರುವು, ಎಲ್ಲವೂ ಫೋಟೋದಲ್ಲಿದ್ದ ಹಾಗೇ ಬಂದವು. ಎಂಜಿನ್ ಮಾತ್ರ ನಿಜದ್ದೇ ಉಳಿದಿತ್ತು, ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ. ಅದನ್ನು ಸುತ್ತಲಿಂದ ಅಳೆದುಕೊಂಡು ಬಂದಳು.

ವಿಮಾನವನ್ನು ಬೊಂಬೆ ಆಡಿಸಿದಂತೆ ಕೈಯಲ್ಲೇ ಹಾರಿಸಬಹುದಿತ್ತು. ಮೇಷ್ಟ್ರು ಮಾತ್ರ ಮೇಡಂ ಎದುರು ಉಬ್ಬಿ, ನಮ್ಮದು ಲೆಕ್ಕದ ಹಾರಾಟ ಎಂದುಬಿಟ್ಟಿದ್ದರು. ಅಂದರೆ ಮರದ ತೂಕ, ಎಂಜಿನ್ನಿನ ಬಲ, ರೆಕ್ಕೆಯ ಅಳತೆ, ಆ ದಿನದ ಗಾಳಿ, ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು, ಇನ್ನು ನಿನ್ನ ಪಾಡು ಎಂದು ಬಿಡುವುದು. ಹಾರಿದರೆ ಹಾರಿತು.

ಎಲ್ಲ ಸಿದ್ಧವಾದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಆಕೆಯ ಮೇಜಿನ ಸುತ್ತ ಸೇರಿದರು. ಗುಂಡಿ ಒತ್ತಿದಳು. ಪಂಕ ತಿರುಗಿತು, ಹುಲ್ಲು ಅಲುಗಿತು, ವಿಮಾನ ಒಮ್ಮೆ ನಡುಗಿತು. ನಡುಗಿ, ಬಹಳ ಮರ್ಯಾದೆಯಿಂದ, ಬಾಲ ಮುಂದು ಮಾಡಿಕೊಂಡು ಹಿಂದಕ್ಕೆ ಹೊರಟಿತು.

ಬೆಳಕು ಹಾಕುವ ಕೆಲಸದವನೊಬ್ಬನಿದ್ದ, ಬಾಯಿ ಸುಮ್ಮನಿರದವನು. ಅವನು ಹೇಳಿದ, "ಅಕ್ಕಾ, ಏನೋ ಮರೆತು ಬಂದಿದೆ ಪಾಪ. ಮನೆಗೆ ವಾಪಸ್ ಹೋಗಿ ತಗೊಂಡು ಬರ್ಲಿ ಬಿಡಿ."

ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಮೇಷ್ಟ್ರು ನಗಲಿಲ್ಲ. ಪಂಕ ತಿರುಗುವ ದಿಕ್ಕು ಬದಲಾಯಿಸಿಬಿಡಿ, ಯಾರು ನೋಡ್ತಾರೆ ಎಂದರು. ಒಂದು ಗುಂಡಿಯ ಕೆಲಸ. ಆದರೆ ಪಂಕ ತಿರುಗುವುದು ಎಂಜಿನ್ ತಿರುಗಿದ ಕಡೆಗೆ, ಎಂಜಿನ್ ಯಾವ ಕಡೆ ತಿರುಗಬೇಕು ಎಂದು ಅದರ ಕಬ್ಬಿಣದ ಮೈಮೇಲೆ ಬಾಣದ ಗುರುತನ್ನೇ ಎರಕ ಹೊಯ್ದಿದ್ದರು. ಆಕೆ ಮಧ್ಯಾಹ್ನ ಮ್ಯೂಸಿಯಮ್ಮಿಗೆ ಹೋಗಿ ಗಾಜಿಗೆ ಮೂಗು ಒತ್ತಿ ಮತ್ತೆ ನೋಡಿ ಬಂದಳು. ಬಾಣ ಬದಲಾಗಿರಲಿಲ್ಲ. ಎಂಜಿನ್ ಒಂದು ಕಡೆ, ಪಂಕದ ತಿರುವು ಇನ್ನೊಂದು ಕಡೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗಾಗಿತ್ತು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಆತನದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಬೆರಳ ತುದಿಗಳಲ್ಲಿ ವಾರ್ನಿಷ್ ಒಣಗಿ ಗಟ್ಟಿಯಾಗಿರುತ್ತದೆ. ಆತ ತಲೆಯೆತ್ತದೆ ಈರುಳ್ಳಿ ಹೆಚ್ಚುತ್ತಲೇ, ಇದೇನು ದೊಡ್ಡ ವಿದ್ಯೆ, ನಮ್ಮ ಅಂಗಡಿಗೆ ವಾರಕ್ಕೊಬ್ಬ ಬರ್ತಾನೆ, ಫ್ಯಾನ್ ತಿರುಗುತ್ತೆ ಗಾಳಿ ಬರಲ್ಲ ಅಂತ, ತಂತಿ ಅದಲುಬದಲಾಗಿರುತ್ತೆ ಇಲ್ಲವಾದರೆ ರೆಕ್ಕೆ ಉಲ್ಟಾ ಇರುತ್ತೆ ಎಂದ. ನಿನ್ನ ಎಂಜಿನ್ ಕಬ್ಬಿಣ, ಅದು ಸುಳ್ಳು ಹೇಳಲ್ಲ, ರೆಕ್ಕೆ ಎಲ್ಲಿಂದ ತಂದೆ ಎಂದು ಕೇಳಿದ.

"ಫೋಟೋದಿಂದ."

"ಹಾಗಾದ್ರೆ ಫೋಟೋನೇ ಉಲ್ಟಾ ಇರಬೇಕು ಕಣೇ."

ಆತ ತಮಾಷೆಗೆ ಹೇಳಿದ್ದು. ಆಕೆ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಮರುದಿನ ಸ್ಟುಡಿಯೋದಲ್ಲಿ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚಿ, ಅದರಂತೆ ಪಂಕವನ್ನು ಮತ್ತೆ ಕೆತ್ತಿದಳು. ವಿಮಾನ ಮುಂದಕ್ಕೆ ಓಡಿತು. ಓಡಿ, ಚಕ್ರ ಒಮ್ಮೆ ಕಲ್ಲಿಗೆ ತಾಗಿ, ಎದ್ದಿತು. ಎರಡಾಳು ಎತ್ತರಕ್ಕೆ ಏರಿ, ಬಲ ರೆಕ್ಕೆ ಸ್ವಲ್ಪ ವಾಲಿ, ಸರಿಪಡಿಸಿಕೊಂಡು, ಒಣಹುಲ್ಲಿನ ಮೇಲೆ ಕೂತಿತು. ಗಡಿಯಾರ ನೋಡಿದರೆ ಹತ್ತೂಮುಕ್ಕಾಲು ಸೆಕೆಂಡು. ಪತ್ರಿಕೆಯವನು ಹನ್ನೊಂದು ಎಂದು ಬರೆದಿದ್ದ. ಸ್ಟುಡಿಯೋದವರೆಲ್ಲ ಚಪ್ಪಾಳೆ ತಟ್ಟಿದರು. ಬೆಳಕಿನವನು ಎದ್ದು ಕುಣಿದ.

ಆಕೆ ಮಾತ್ರ ಕುಣಿಯಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಇಡೀ ಜಗತ್ತನ್ನೇ ಮಗುಚಬಹುದು. ಅದು ಸಾಕ್ಷಿಯಲ್ಲ. ಸಾಕ್ಷಿ ಇದ್ದರೆ ಮೂಲದಲ್ಲಿರಬೇಕು ಎಂದುಕೊಂಡು ಮತ್ತೆ ಮ್ಯೂಸಿಯಮ್ಮಿಗೆ ಹೋದಳು.

ಅಲ್ಲಿ ನೆಲಮಾಳಿಗೆಯಲ್ಲಿ ಹಳೆಯ ವಸ್ತುಗಳ ಉಗ್ರಾಣವಿದೆ. ಅದನ್ನು ನೋಡಿಕೊಳ್ಳುವವರು ನಿವೃತ್ತಿಗೆ ಒಂದೂವರೆ ವರ್ಷ ಉಳಿದ ಒಬ್ಬ ತೆಳ್ಳನೆಯ ಮನುಷ್ಯ. ಕೆಮ್ಮು ಬಂದರೂ ವಸ್ತುಗಳಿಗೆ ಬೆನ್ನು ತಿರುಗಿಸಿ ಕೆಮ್ಮುವಷ್ಟು ಮರ್ಯಾದಸ್ಥರು. ಇಪ್ಪತ್ತು ವರ್ಷದಲ್ಲಿ ಆ ಫೋಟೋದ ಮೂಲ ಕೇಳಿಕೊಂಡು ಬಂದವರು ನೀವೇ ಮೊದಲು ಎಂದರು. ಆಗಿನ ಕಾಲದಲ್ಲಿ ಫಿಲ್ಮ್ ಬದಲು ಗಾಜಿನ ಹಲಗೆ ಇರುತ್ತಿತ್ತು, ಅದರ ಒಂದು ಮೈಗೆ ಬೆಳಕು ಹಿಡಿಯುವ ಮದ್ದು ಹಚ್ಚಿರುತ್ತಿದ್ದರು. ಬಟ್ಟೆಯ ಕೈಗವಸು ಹಾಕಿಕೊಂಡು ಒಂದು ಕಂದು ಲಕೋಟೆಯಿಂದ ಅವರು ಆ ಹಲಗೆಯನ್ನು ತೆಗೆದು ದೀಪದ ಎದುರು ಹಿಡಿದರು. ಮದ್ದಿನ ಮಂಕು ಮೈ ಆಚೆ, ಹೊಳೆಯುವ ಮೈ ನಮ್ಮ ಕಡೆ, ಹೀಗೆ ನೋಡಿದರೇನೇ ಸರಿ ಎಂದು ತೋರಿಸಿದರು. ಆಕೆ ನೋಡಿದಳು. ಮೇಲೆ ಮ್ಯೂಸಿಯಂ ಗೋಡೆಗೆ ತೂಗುಹಾಕಿರುವ ಇದೇ ಚಿತ್ರದಲ್ಲಿ ಎಡಕ್ಕಿದ್ದ ಪೊದೆಹುಬ್ಬಿನವನು ಇಲ್ಲಿ ಬಲಕ್ಕಿದ್ದ. ಎತ್ತರದವನು ಎಡಕ್ಕೆ.

ಎರಡನೆಯ ಹಲಗೆಯೂ ಅಷ್ಟೆ. ಯಾವ ಕಾಲದಲ್ಲೋ ಯಾರೋ ಎರಡನ್ನೂ ತಿರುವುಮುರುವಾಗಿ ಇಟ್ಟು ಕಾಗದಕ್ಕೆ ಇಳಿಸಿದ್ದರು. ಉಗ್ರಾಣದವರು ಗೋಡೆಯ ಚಿತ್ರದ ಪ್ರತಿಯನ್ನು ತಂದು ಪಕ್ಕದಲ್ಲಿಟ್ಟು, ಕನ್ನಡಕ ಹಣೆಗೇರಿಸಿ, ಇಬ್ಬರ ಕೋಟಿನ ಗುಂಡಿಗಳನ್ನೂ ನೋಡಿದರು. ಇದೇನಮ್ಮಾ, ಗುಂಡಿಯೆಲ್ಲ ಎಡಗಡೆ, ಇಬ್ಬರೂ ಹೆಂಗಸರ ಕೋಟು ಹಾಕ್ಕೊಂಡು ನಿಂತಿದ್ದಾರೆ ಎಂದರು. ನಾನು ಇಷ್ಟು ವರ್ಷ ದಿನಕ್ಕೆರಡು ಸಲ ಇದರ ಮುಂದೆ ಹಾದು ಹೋಗಿದ್ದೀನಿ ಎಂದು ಆಮೇಲೆ ಮೆಲ್ಲಗೆ ಹೇಳಿಕೊಂಡರು.

ಲಕೋಟೆಯ ಮೇಲೆ ಮಾಸಿದ ಅಕ್ಷರಗಳಿದ್ದವು. ಫೋಟೋ ತೆಗೆದವನ ಕೈಬರಹ. ಎಡದಲ್ಲಿ ಧಣಿ, ಬಲದಲ್ಲಿ ಬಡಗಿ. ಅವನು ಸರಿಯಾಗಿಯೇ ಬರೆದಿದ್ದ, ತನ್ನ ಎದುರು ನಿಂತವರನ್ನು ನೋಡಿ ಬರೆದಿದ್ದ. ಚಿತ್ರ ಮಗುಚಿತು, ಬರಹ ಹಾಗೇ ಉಳಿಯಿತು. ಪೊದೆಹುಬ್ಬಿನವನು ಧಣಿಯಲ್ಲ. ಹಾರಿದವನು ಬಡಗಿ.

ಗೆರೆಯಕ್ಕ ಅಲ್ಲಿಯೇ ಸ್ಟೂಲಿನ ಮೇಲೆ ಕೂತಳು. ಕೂತು, ಎರಡನೆಯ ಹಲಗೆಯನ್ನು, ಆತ ವಿಮಾನದಲ್ಲಿ ಕೂತದ್ದನ್ನು, ಭೂತಗನ್ನಡಿಯಲ್ಲಿ ಇನ್ನೊಮ್ಮೆ ನೋಡಿದಳು. ಅವನ ಕಿವಿಯ ಮೇಲೆ ಒಂದು ಸಣ್ಣ ಗೀಟು ಇತ್ತು. ಆ ಗೀಟು ಆಕೆಗೆ ಗೊತ್ತಿತ್ತು. ನಲವತ್ತಮೂರರಲ್ಲಿ ಒಂದು, ತಾನೇ ಅಳಿಸಿದ್ದು. ಗೀರಿಗೆ ನೆರಳಿರುವುದಿಲ್ಲ. ಈ ಗೀಟಿಗೆ ಕೆನ್ನೆಯ ಮೇಲೆ ಕೂದಲೆಳೆಯಷ್ಟು ನೆರಳಿತ್ತು. ಚಪ್ಪಟೆಯಾದ, ಒಂದು ತುದಿ ಚೂಪಾದ ಬಡಗಿಯ ಪೆನ್ಸಿಲ್. ಬೇರೆಯವರ ಗೆರೆ ಸುಳ್ಳು ಹೇಳುವುದನ್ನು ಇಪ್ಪತ್ತಾರು ವರ್ಷ ಹಿಡಿದುಕೊಟ್ಟವಳು, ನಿಜ ಹೇಳುತ್ತಿದ್ದ ಒಂದೇ ಗೆರೆಯನ್ನು ಕಸ ಎಂದು ಗುಡಿಸಿ ಹಾಕಿದ್ದಳು.

ಆ ಸಂಜೆ ಅಪ್ಪನ ಹತ್ತಿರ ಹೇಳಿಕೊಂಡಳು. ಅಪ್ಪ ಈಗ ಮಗಳ ಮನೆಯಲ್ಲೇ ಇರುತ್ತಾರೆ, ಬಾಲ್ಕನಿಯ ಕುರ್ಚಿ ಅವರದು, ಕೈ ನಡುಗುತ್ತದೆ, ನಾಲಿಗೆ ನಡುಗುವುದಿಲ್ಲ. ವಿಮಾನದಲ್ಲಿ ಕೂರುವಾಗಲೂ ಕಿವಿಯ ಮೇಲೆ ಯಾರಪ್ಪ ಪೆನ್ಸಿಲ್ ಇಟ್ಟುಕೊಳ್ಳುತ್ತಾರೆ ಎಂದು ಆಕೆಗೆ ಇನ್ನೂ ಒಂದು ಎಳೆ ಅನುಮಾನವಿತ್ತು.

ಅಪ್ಪ ಹೇಳಿದರು, "ಇಟ್ಟುಕೊಳ್ಳೋದಲ್ಲಮ್ಮಾ, ಅದು ಇರುತ್ತೆ. ಕಿವಿ ಮೇಲೆ ಕುಂಚ ಇಟ್ಟುಕೊಂಡೇ ನಾನು ಮನೆಯೆಲ್ಲ ಕುಂಚ ಹುಡುಕಿದ್ದೀನಿ. ನಿಮ್ಮಮ್ಮ ಒಂದು ಗಂಟೆ ಹುಡುಕೋಕೆ ಬಿಟ್ಟು, ಆಮೇಲೆ ಹೇಳ್ತಿದ್ಲು. ಧಣಿಗಳ ಕಿವಿ ಮೇಲೆ ಯಾವತ್ತಾದ್ರೂ ಏನಾದ್ರೂ ಇರುತ್ತಾ?"

ಹಾಗಾದರೆ ಆ ಕಂಚಿನ ಮೂರ್ತಿ ಯಾರದು ಹೇಳಿ. ಮುಖ ಬಡಗಿಯದು, ಕೆಳಗಿನ ಹೆಸರು ಧಣಿಯದು. ದುಡಿದವನ ಮೈಯನ್ನು ಬಳಸಿಕೊಂಡು ಹೆಸರನ್ನು ಮಾತ್ರ ತಮಗೆ ಬೇಕಾದವರಿಗೆ ಕೊಡುವುದು ನಮಗೆ ಹೊಸದಲ್ಲ. ಆದರೆ ಅದನ್ನು ಇಷ್ಟು ಅಚ್ಚುಕಟ್ಟಾಗಿ, ಕಂಚಿನಲ್ಲಿ, ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದು ಅಪರೂಪ. ಯಾರೂ ಬೇಕೆಂದು ಮಾಡಿದ್ದಲ್ಲ ಎನ್ನುತ್ತೀರಿ. ಒಪ್ಪಿದೆ. ಒಂದು ಗಾಜು ತಿರುಗಿ ಬಿತ್ತು. ಆದರೆ ನೂರು ವರ್ಷ ಒಬ್ಬರಿಗೂ ಅನುಮಾನ ಬರಲಿಲ್ಲವಲ್ಲ, ಅದಕ್ಕೆ ಗಾಜು ಕಾರಣವಲ್ಲ. ಚಿತ್ರದಲ್ಲಿ ಇಬ್ಬರಿದ್ದು, ಒಬ್ಬ ಧಣಿ ಒಬ್ಬ ಬಡಗಿಯಾದರೆ, ಹಾರಿದವನು ಧಣಿಯೇ ಇರಬೇಕು ಎಂದು ನಮ್ಮ ಕಣ್ಣು ಮೊದಲೇ ತೀರ್ಮಾನಿಸಿಕೊಂಡು ನೋಡುತ್ತದೆ.

ಮೇಡಂ ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಮೇಷ್ಟ್ರೂ ಗೆರೆಯಕ್ಕನೂ ಹೋದಾಗ ಆಕೆ ಲಕೋಟೆ ನೋಡಿದರು, ಹಲಗೆ ನೋಡಿದರು, ಹಿಂದಕ್ಕೆ ಹೋಗುವ ವಿಮಾನವನ್ನೂ ಮುಂದಕ್ಕೆ ಹೋಗುವ ವಿಮಾನವನ್ನೂ ನೋಡಿದರು. ಅರ್ಥ ಮಾಡಿಕೊಂಡರು. ಅರ್ಥವಾದದ್ದೇ ಕಷ್ಟವಾಯಿತು. ಕೋಣೆ ತೆರೆಯಲು ಹದಿನೆಂಟು ದಿನ ಉಳಿದಿತ್ತು. ಬಾಗಿಲ ಮೇಲೆ ಧಣಿಯ ಹೆಸರು ಕೆತ್ತಿಯಾಗಿತ್ತು. ದತ್ತಿ ಮಂಡಳಿಯವರು ಮೊದಲ ಸಾಲಿನಲ್ಲಿ ಕೂರುವವರಿದ್ದರು. ಆಕೆ ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದರು. ವಿಮಾನ ಸರಿಯಾದ ದಿಕ್ಕಿಗೆ ಹಾರಲಿ, ಕಿವಿಯ ಮೇಲೆ ಪೆನ್ಸಿಲ್ ಬೇಕಾದರೂ ಇರಲಿ, ಯಾರೂ ಗಮನಿಸುವುದಿಲ್ಲ. ಆದರೆ ಚಿತ್ರದ ಮೊದಲಿಗೆ ಬರುವ ಸಾಲು, ಗೋಡೆಯ ಮೇಲಿನ ಬರಹ, ಎರಡರಲ್ಲೂ ಧಣಿಯ ಹೆಸರೇ ಇರಲಿ. ಪಕ್ಕದಲ್ಲಿ ಗೆರೆಯಕ್ಕನ ಹೆಸರೂ ಇರುತ್ತದೆ, ಸಂಶೋಧನೆ ಮತ್ತು ಚಿತ್ರರಚನೆ ಎಂದು, ಕೇಳಿದ್ದಕ್ಕಿಂತ ದೊಡ್ಡ ಅಕ್ಷರದಲ್ಲಿ.

"ನಾನು ಸುಳ್ಳು ಹೇಳಿ ಅಂತಿಲ್ಲಮ್ಮ," ಎಂದರು ಮೇಡಂ. "ಸದ್ಯಕ್ಕೆ ಹೇಳಬೇಡಿ ಅಂತಿದ್ದೀನಿ, ಅಷ್ಟೆ."

ಮೇಷ್ಟ್ರು ಕಿಟಕಿಯ ಆಚೆ ನೋಡುತ್ತಿದ್ದರು. ಗೆರೆಯಕ್ಕ ಲಕೋಟೆಯನ್ನು ಮತ್ತೆ ಮೇಡಂ ಮುಂದೆ ಸರಿಸಿದಳು. ಮ್ಯೂಸಿಯಮ್ಮಿನ ಗೋಡೆಯ ಮೇಲೆ ತನ್ನ ಹೆಸರು. ಅಪ್ಪನನ್ನು ಕರೆತಂದು ತೋರಿಸಬೇಕೆಂದಿದ್ದಳು. ಅಕ್ಷರಗಳ ನಡುವಿನ ಜಾಗದ ಬಗ್ಗೆ ಅವರು ಏನು ತಪ್ಪು ಹಿಡಿಯುತ್ತಾರೆ ಎಂದು ಕೂಡ ಊಹಿಸಿಕೊಂಡಿದ್ದಳು.

"ಮೇಡಂ, ಪೆನ್ಸಿಲ್ ಅಳಿಸಿದ್ದು ನಾನೇ. ವಾಪಸ್ ಇಡೋದು ನನ್ನ ಕೆಲಸ, ಇಟ್ಟಿದ್ದೀನಿ. ಅವನ ಹೆಸರು ಅಳಿಸಿದ್ದು ನೀವಲ್ಲ. ಆದ್ರೆ ಇವತ್ತು ನೋಡಿದ ಮೇಲೂ ಬಿಟ್ರೆ, ಇವತ್ತಿಂದ ಅಳಿಸಿದ್ದು ನೀವೇ ಆಗುತ್ತೆ. ನನ್ನ ಹೆಸರು ತೆಗೆದುಬಿಡಿ. ಅವನದು ಹಾಕಿದ ದಿನ ನನ್ನದೂ ಹಾಕಿ."

ಅವನ ಹೆಸರು ಯಾರಿಗೆ ಗೊತ್ತು, ಲಕೋಟೆಯಲ್ಲೂ ಬಡಗಿ ಎಂದಷ್ಟೇ ಇದೆಯಲ್ಲ ಎಂದು ಮೇಡಂ ಕೇಳಿದರು. ಅಷ್ಟೇ ಹಾಕಿ, ಹಾರಿದವನು ಬಡಗಿ ಅಂತ, ಸಾಕು ಎಂದು ಗೆರೆಯಕ್ಕ ಎದ್ದಳು. ಮೆಟ್ಟಿಲಿಳಿಯುವಾಗ ಮೇಷ್ಟ್ರು, ಇಷ್ಟು ವರ್ಷ ಕಾದು ಈಗ ಬೇಡ ಅಂದ್ರಲ್ಲ ಎಂದರು. ಬೈದ ಹಾಗಿತ್ತು, ಬೈಗುಳವಾಗಿರಲಿಲ್ಲ. ಆಮೇಲೆ ಅವರೂ ಒಂದು ಕೆಲಸ ಮಾಡಿದರು. ಚಿತ್ರದ ಮೊದಲಿಗೆ ಬರುವ ಧಣಿಯ ಹೆಸರಿನ ಸಾಲನ್ನು ಸ್ಟುಡಿಯೋದಲ್ಲಿ ಸೇರಿಸಲಿಲ್ಲ. ಅದು ನಿಮ್ಮ ಗೋಡೆಯಲ್ಲಿ ಹೇಗೂ ಇದೆಯಲ್ಲ ಮೇಡಂ ಎಂದು ಪತ್ರ ಬರೆದರು. ಮೇಡಂ ಒತ್ತಾಯಿಸಲಿಲ್ಲ. ಅವರವರ ಮಟ್ಟದಲ್ಲಿ ಅವರವರ ಧೈರ್ಯ.

ಕೋಣೆ ತೆರೆಯಿತು. ಕತ್ತಲ ಕೋಣೆ, ಗೋಡೆಯಷ್ಟು ಅಗಲದ ಪರದೆ. ಹುಲ್ಲು ಅಲುಗುತ್ತದೆ, ಪಂಕ ತಿರುಗುತ್ತದೆ, ಪೊದೆಹುಬ್ಬಿನ ಮನುಷ್ಯ ಒಮ್ಮೆ ತುಟಿ ಒದ್ದೆ ಮಾಡಿಕೊಳ್ಳುತ್ತಾನೆ, ಯಂತ್ರ ನೆಲ ಬಿಡುತ್ತದೆ. ಜನ ಉಸಿರು ಹಿಡಿಯುತ್ತಾರೆ. ಮುಗಿದ ಮೇಲೆ ಹೊರಗೆ ಬಂದು ಗೋಡೆಯ ಬರಹ ಓದಿ, ಧಣಿ ಎಂಥ ಧೈರ್ಯಶಾಲಿ ಎನ್ನುತ್ತಾರೆ.

ಅಲ್ಲಿಗೆ ಮುಗಿಯಬೇಕಿತ್ತು. ಉಗ್ರಾಣದವರು ಮುಗಿಸಲು ಬಿಡಲಿಲ್ಲ. ಒಂದು ಮಧ್ಯಾಹ್ನ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಸ್ಟುಡಿಯೋಗೆ ಬಂದು, ಮ್ಯೂಸಿಯಮ್ಮಿನ ಹಳೆಯ ನಿಯಮವೊಂದನ್ನು ಗೆರೆಯಕ್ಕನಿಗೆ ಓದಿ ಹೇಳಿದರು. ಗೋಡೆಯ ಬರಹವನ್ನು ಮರುಪರಿಶೀಲಿಸಲು ಸಮಿತಿ ಕೂರಬೇಕಾದರೆ, ಸಂದರ್ಶಕರ ಪುಸ್ತಕದಲ್ಲಿ ಒಂದೇ ವಿಷಯದ ಬಗ್ಗೆ ಹತ್ತು ಬೇರೆ ಬೇರೆ ಜನ ಬರೆದಿರಬೇಕು. ಹತ್ತಾದರೆ ಸಮಿತಿ ಕೂರಲೇಬೇಕು, ಯಾರೂ ತಡೆಯುವಂತಿಲ್ಲ. ಆದರೆ ಸಿಬ್ಬಂದಿ ಬರೆಯುವಂತಿಲ್ಲ, ಮ್ಯೂಸಿಯಮ್ಮಿಗೆ ಕೆಲಸ ಮಾಡಿಕೊಟ್ಟವರೂ ಬರೆಯುವಂತಿಲ್ಲ. ಅಂದರೆ ಗೊತ್ತಿರುವವರು ಯಾರೂ ಹೇಳುವಂತಿಲ್ಲ, ಹೊರಗಿನವರು ಕೇಳಬೇಕು. ಎಂಥ ನಿಯಮ ನೋಡಿ.

ಮುಂದಿನ ರಜೆಯ ದಿನ ಗೆರೆಯಕ್ಕ ಅಪ್ಪನನ್ನೂ ಗಂಡನನ್ನೂ ಕರೆದುಕೊಂಡು ಹೋದಳು. ಅಪ್ಪ ಹಾರಾಟವನ್ನು ಮೂರು ಸಲ ನೋಡಿದರು. ಆಮೇಲೆ ಪುಸ್ತಕದ ಮುಂದೆ ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಇಡೀ ಪುಟ ತುಂಬುವ ಹಾಗೆ ಬರೆದರು: ಗಾಜು ತಿರುಗಿಸಿ ನೋಡಿ, ಹಾರಿದವನು ಬಡಗಿ. ಅಕ್ಷರ ನಡುಗಿತ್ತು, ಸಾಲು ನೇರ ಇತ್ತು. ಗಂಡ ಅದರ ಕೆಳಗೆ, ಎಂಜಿನ್ನಿನ ಬಾಣಕ್ಕೂ ನಿಮ್ಮ ಫೋಟೋದ ಪಂಕಕ್ಕೂ ತಾಳೆಯಾಗುವುದಿಲ್ಲ, ಮೋಟಾರು ಗೊತ್ತಿರುವ ಯಾರನ್ನಾದರೂ ಕೇಳಿ ಎಂದು ಬರೆದ. ಗೆರೆಯಕ್ಕ ಬರೆಯಲಿಲ್ಲ, ಬರೆಯುವಂತಿರಲಿಲ್ಲ. ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಅದಾಗಿ ಐದು ತಿಂಗಳು. ಬೆಳಕಿನವನು ತನ್ನ ತಂಗಿಯನ್ನು ಕಳಿಸಿದ್ದರಿಂದ ಮೂರಾಯಿತು. ದಿನಕ್ಕೆ ನೂರಾರು ಜನ ಆ ಪುಸ್ತಕದ ಮುಂದೆ ಹಾದು ಹೋಗುತ್ತಾರೆ. ತುಂಬಾ ಚೆನ್ನಾಗಿದೆ ಎಂದು ಬರೆಯುತ್ತಾರೆ. ಶೌಚಾಲಯ ಸ್ವಚ್ಛವಾಗಿಲ್ಲ ಎಂದು ಬರೆಯುತ್ತಾರೆ.

ಇನ್ನು ಏಳು ಬೇಕು. ಈಗ ನಿಮಗೆ ಗೊತ್ತು, ನೀವು ಸಿಬ್ಬಂದಿಯಲ್ಲ, ನಿಮ್ಮ ಕೈ ಯಾರೂ ಕಟ್ಟಿಲ್ಲ. ಹೋಗಿ, ಆ ಪುಸ್ತಕ ತೆರೆದು, ನಿಮ್ಮ ಕೈಬರಹದಲ್ಲಿ ಒಂದು ಸಾಲು ಬರೆಯಿರಿ.